ಪರದೆ ಹಸಿರೇ ಇತ್ತು

ಪುಣೆ, ಬುಧವಾರ, ೧೧ ಜೂನ್ ೨೦೨೫

ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಶೀತಲ್‌ಗೆ ಇಂದು ನಾನು ಸುಳ್ಳು ಹೇಳಿದೆ.

ನಮ್ಮ ಬಸ್ ಬುಕಿಂಗ್ ಕಂಪನಿಯ ಕಂಪ್ಯೂಟರುಗಳಲ್ಲಿ ಸರ್ವರ್‌ಗೆ ತಕ್ಕಂತೆ ಪರದೆಯ ಬಣ್ಣ ಬದಲಿಸುವ ಪುಟ್ಟ ಪ್ರೋಗ್ರಾಂ ಬರೆದವನು ನಾನೇ. ನಿಜವಾದ ಬುಕಿಂಗ್ ಇರುವ ಸರ್ವರ್‌ಗೆ ಹೋದರೆ ಪರದೆ ಕೆಂಪಾಗಬೇಕು, ಪರೀಕ್ಷೆಯ ಸರ್ವರ್ ಆದರೆ ಹಸಿರು. ಸೋಮವಾರ ನಿಜವಾದ ಬುಕಿಂಗ್‌ಗಳು ಹೊಸ ಸರ್ವರ್‌ಗೆ ಹೋದವು. ಅದರ ಹೆಸರನ್ನು ಕೆಂಪಾಗಬೇಕಾದ ಸರ್ವರ್‌ಗಳ ಪಟ್ಟಿಗೆ ಸೇರಿಸಲು ಮರೆತೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಹಸಿರಾಗುತ್ತದೆ. ಹಾಗೆ ಬರೆದವನೂ ನಾನೇ.

ಬೆಳಿಗ್ಗೆ ಎಂದಿನಂತೆ ಪರೀಕ್ಷೆಯ ಬುಕಿಂಗ್ ಅಳಿಸಲು ಹೋದ ಶೀತಲ್, ತಿಳಿಯದೆ ಆ ಹೊಸ ಸರ್ವರ್ ತೆರೆದು, ಹಸಿರು ನೋಡಿ ನಿಜವಾದವನ್ನೇ ಅಳಿಸಿದಳು. ಸ್ವಾರಗೇಟ್‌ನಲ್ಲಿ ಬಸ್ಸು ಹತ್ತಲು ಬಂದವರ ಹೆಸರೇ ಯಾದಿಯಲ್ಲಿ ಇರಲಿಲ್ಲ. ಸಾಹೇಬರು ಎಲ್ಲರೆದುರು ಅವಳನ್ನು ಬೈದರು. ನಾನು ಲ್ಯಾಪ್‌ಟಾಪ್ ನೋಡುತ್ತ ಕುಳಿತಿದ್ದೆ.

ಆಮೇಲೆ ನನ್ನ ಹತ್ತಿರ ಬಂದಳು. “ಅಮರಣ್ಣ, ಸ್ಕ್ರೀನ್ ಹಸಿರೇ ಇತ್ರಿ. ಹಸಿರಿದ್ರ ಧೈರ್ಯದಿಂದ ಒತ್ತು ಅಂತ ನೀವೇ ಹೇಳಿದ್ರಿ.”

“ಅವಸರದಾಗ ಸರಿ ನೋಡಿರಲಿಕ್ಕಿಲ್ಲ ಬಿಡವಾ,” ಎಂದೆ.

ಅವಳು ಚಹಾಕ್ಕೆ ಹೋದಾಗ ಬಿಟ್ಟುಹೋದ ಹೆಸರನ್ನು ಸೇರಿಸಿದೆ. ಬಂದವಳು ಮತ್ತೆ ಅದೇ ಸರ್ವರ್ ತೆರೆದಳು.

“ಕೆಂಪೇ ಅದ ನೋಡ್ರಿ. ನನ್ನ ಕಣ್ಣಿಗೇ ಏನೋ ಆಗೇದ,” ಎಂದು ನಕ್ಕಳು.

ನಾಳೆ ಅರ್ಧ ದಿನ ರಜೆ ಕೇಳಿದ್ದಾಳೆ. ಬಿಬವೇವಾಡಿಯಲ್ಲಿ ಕಣ್ಣಿನ ಡಾಕ್ಟರು ಹತ್ತೂವರೆಗೆ ಬರಹೇಳಿದ್ದಾರಂತೆ. ಅವಳ ಕಣ್ಣಿನಲ್ಲಿ ದೋಷವಿಲ್ಲ ಎಂದು ಅವರು ಹೇಳುವ ಮೊದಲು ನಾನು ಹೇಳಬೇಕು. ಸಾಹೇಬರಿಗೆ ಆಮೇಲೆ ಹೇಳಿದರಾಯಿತು. ಇಲ್ಲ, ಬೈದದ್ದು ಎಲ್ಲರೆದುರು, ಆದ್ದರಿಂದ ನಾನೂ ಎಲ್ಲರೆದುರೇ ಒಪ್ಪಿಕೊಳ್ಳಬೇಕು.