ಬ್ರೇಕ್ ಒತ್ತಲು ಕಲಿತ ಅಪರಾಧಕ್ಕೆ

ವಾಹನಗಳ ಅರ್ಹತೆಯನ್ನೂ ಚಾಲಕರ ಯೋಗ್ಯತೆಯನ್ನೂ ಕುರ್ಚಿಯಿಂದ ಏಳದೆಯೇ ಅಳೆಯಬಲ್ಲ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯಿಂದ ಎರಡು ತಿಂಗಳಲ್ಲಿ ನನಗೆ ಎರಡು ನೋಟಿಸುಗಳು ಬಂದಿವೆ. ಕಾರು ಓಡಿಸುವುದನ್ನು ಸರಿಯಾಗಿ ಕಲಿತಿದ್ದೇನೆಂಬ ಕಾರಣಕ್ಕೆ ಮೊದಲನೆಯದು ನನ್ನ ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿಡುವ ದಾರಿ ಮಾಡಿತು. ಕಲಿತದ್ದು ಬೇರೆಯವರಿಗೂ ಸಿಗುವಂತೆ ಮಾಡಿದೆನೆಂದು ಎರಡನೆಯದು ವಿವರಣೆ ಕೇಳುತ್ತಿದೆ. ಇದೇ ಎರಡು ತಿಂಗಳಲ್ಲಿ, ಬ್ರೇಕಿಲ್ಲದ ಜೀಪಿಗೆ ತಾವು ದಯಪಾಲಿಸಿದ ಅರ್ಹತಾ ಪತ್ರದ ಬಗ್ಗೆ ನಾನು ಕೊಟ್ಟ ದೂರಿಗೆ ಒಂದು ಸ್ವೀಕೃತಿ ಚೀಟಿಯೂ ಬಂದಿಲ್ಲ. ಈ ಉತ್ತರವನ್ನೂ ಲಕೋಟೆಯಲ್ಲಿ ಕಳಿಸಿದರೆ ಅದಕ್ಕೂ ತಮ್ಮ ಮೇಜಿನ ಮೇಲೆ ದೀರ್ಘ ವಿಶ್ರಾಂತಿ ದೊರೆತೀತೆಂದು ಹೆದರಿ ಪತ್ರಿಕೆಗೆ ಕೊಟ್ಟಿದ್ದೇನೆ.

ನನ್ನ ಪರಿಚಯ ತಮ್ಮ ಕಡತದಲ್ಲಿ 'ಹಳದಿ ಬಣ್ಣದ ಸ್ಪೋರ್ಟ್ಸ್ ಕಾರಿನ ಮಾಲೀಕಳು' ಎಂದಷ್ಟೇ ಇದೆ. ಸ್ವಲ್ಪ ಸೇರಿಸುತ್ತೇನೆ. ವಯಸ್ಸು ಐವತ್ತಮೂರು. ಚಿಕ್ಕಮಗಳೂರಿನಲ್ಲಿ ಗಮ್ ಬೂಟು, ಮಳೆಕೋಟು, ಟಾರ್ಪಾಲು ಮಾರುವ ಅಂಗಡಿ ನಡೆಸುತ್ತೇನೆ. ಮಳೆ ಹಿಡಿಯುವ ಮೊದಲು ಮೂಡಿಗೆರೆ, ಕಳಸ ಕಡೆಯ ಎಸ್ಟೇಟುಗಳಿಗೆ ನಾನೇ ಹೋಗಿ ಆರ್ಡರು ಹಿಡಿದು ತರುತ್ತೇನೆ. ಇಪ್ಪತ್ತೆಂಟು ವರ್ಷ ಹೀಗೆ ಒಂದು ಹಳೇ ವ್ಯಾನಿನಲ್ಲಿ ತಿರುಗಿದ ಮೇಲೆ, ಚಿಕ್ಕಂದಿನಿಂದ ಇದ್ದ ಒಂದು ಆಸೆಯನ್ನು ತೀರಿಸಿಕೊಂಡೆ. ನನ್ನ ಯಜಮಾನರು ಜಯದೇವಪ್ಪನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎರಡೇ ಸೀಟಿಂದು ಯಾಕೆ ತಂದ್ಯೇ?" ಎಂದರು. "ನಾವಿರೋದೇ ಇಬ್ರಲ್ವಾ?" ಎಂದೆ. "ನಾನಂತೂ ಇದ್ರಲ್ಲಿ ಕೂರಲ್ಲ. ಅಂದ್ರೆ ಒಂದು ಸೀಟು ದಂಡ ಆಯ್ತು" ಎಂದರು. ಆ ಸೀಟಿನಲ್ಲಿ ಈಗ ಸ್ಯಾಂಪಲ್ ಬೂಟುಗಳು ಕೂರುತ್ತವೆ.

ಕಾರು ಬಂದು ಮೂರನೇ ವಾರ, ಹದವಾದ ಒಂದು ಮುಂಗಾರುಪೂರ್ವ ಮಳೆಯಲ್ಲಿ, ವಸ್ತಾರೆ ದಾಟಿದ ಮೇಲೆ ಆ ಕಾರು ನನ್ನನ್ನು ಕೂರಿಸಿಕೊಂಡು ಗಿರ್ರನೆ ತಿರುಗಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಎದುರಿಗೆ ಯಾರೂ ಬರಲಿಲ್ಲ; ಅದು ನನ್ನ ಪುಣ್ಯವೇ ಹೊರತು ಸಾಮರ್ಥ್ಯವಲ್ಲ. ತಾವು ನಂಬಲಿಕ್ಕಿಲ್ಲ, ಆಗ ನನಗೆ ನೆನಪಾದದ್ದು ನನ್ನ ಲೈಸೆನ್ಸು. ಅದನ್ನು ನನಗೆ ಕೊಟ್ಟದ್ದು ಒಂದು ಒಣ ಮೈದಾನದಲ್ಲಿ ಎಂಟು ಬರೆಸಿ. ಬೈಸಿಕಲ್ಲಿಗಿಂತ ನಿಧಾನವಾಗಿ ಎಂಟು ಬರೆದೆ. ಅಲ್ಲಿದ್ದವರು ತಲೆ ಎತ್ತದೆ ಸಹಿ ಹಾಕಿದರು. ಜೋರಾಗಿ ಬ್ರೇಕ್ ಒತ್ತಿದರೆ ಏನಾಗುತ್ತದೆ, ಒದ್ದೆ ರಸ್ತೆಯಲ್ಲಿ ಚಕ್ರ ಜಾರಿದರೆ ಏನು ಮಾಡಬೇಕು, ಇದನ್ನು ಇಪ್ಪತ್ತೆಂಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಆದ್ದರಿಂದ ಕಲಿಯಲು ಹೋದೆ. ಪಕ್ಕದ ರಾಜ್ಯದ ಒಂದು ರೇಸ್ ಟ್ರ್ಯಾಕಿನಲ್ಲಿ ಎರಡು ದಿನದ 'ಹೈ ಪರ್ಫಾರ್ಮೆನ್ಸ್ ಡ್ರೈವಿಂಗ್' ಕೋರ್ಸು. ಹನ್ನೊಂದು ಜನರಲ್ಲಿ ಸೀರೆಯುಟ್ಟವಳು ನಾನೊಬ್ಬಳೇ; ಟ್ರ್ಯಾಕಿನವರು ಕೂಡಲೇ ಅದರ ಬದಲಿಗೆ ಪ್ಯಾಂಟು ಕೊಟ್ಟರು. ನನ್ನ ಪಾಲಿಗೆ ಬಂದ ತರಬೇತುದಾರಳು ಪಂಚಮಿ ಎಂಬ ಇಪ್ಪತ್ತೊಂಬತ್ತರ ಹುಡುಗಿ. ಮಾತಿನ ಧಾಟಿಯಲ್ಲೇ ಗುರುತು ಹಿಡಿದು "ಎಲ್ಲಿಯವಳಮ್ಮ ನೀನು?" ಎಂದೆ. ಕಳಸದ ಅಡಿಕೆ ಬೆಳೆಗಾರ ಗಣಪಯ್ಯನವರ ಮಗಳು! ಕಾರ್ ರ್‍ಯಾಲಿಗಳಲ್ಲಿ ಟ್ರೋಫಿ ಗೆದ್ದವಳು.

ಅತಿವೇಗದ ಈ ಪಾಠಶಾಲೆಯಲ್ಲಿ ಮೊದಲ ಒಂದು ಗಂಟೆ ಕಾರನ್ನು ಚಾಲೂ ಮಾಡಲೇ ಬಿಡಲಿಲ್ಲ. ಕೂರುವುದು ಹೇಗೆ, ನೋಡುವುದು ಎಲ್ಲಿಗೆ, ಅಷ್ಟೇ. ಆಮೇಲೆ ಅರ್ಧ ದಿನ ಬರೀ ನಿಲ್ಲಿಸುವುದು. ಪಂಚಮಿ ಪಕ್ಕದಲ್ಲಿ ಕುಳಿತು ಕೂಗುತ್ತಿದ್ದಳು: "ಅಮ್ಮಾ, ಬಾಳೆಹಣ್ಣು ಮೆಟ್ಟಿದ ಹಾಗೆ ಮೆಟ್ತಾ ಇದೀರಿ. ಒದೀರಿ ಅದನ್ನ! ಬ್ರೇಕಿಗೆ ಮರ್ಯಾದೆ ಕೊಡಬೇಡಿ!" ಒಂಬತ್ತನೇ ಸಲಕ್ಕೆ ನಾನು ಸರಿಯಾಗಿ ಒದ್ದೆ. ಎರಡನೇ ದಿನ ನೀರು ಹರಿಸಿದ ಜಾಗದಲ್ಲಿ ಕಾರು ಜಾರಿದಾಗ ಅವಳು ಹೇಳಿದ್ದು ಒಂದೇ: "ಗುದ್ದಬಾರದ್ದನ್ನ ನೋಡಬೇಡಿ. ಹೋಗಬೇಕಾದ ಸಂದು ನೋಡಿ. ಕಣ್ಣು ಹೋದಲ್ಲಿ ಕೈ ಹೋಗ್ತದೆ." ಕೊನೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಪ್ರಮಾಣಪತ್ರ ಕೊಟ್ಟರು. ನಾನು ಅದನ್ನು ಹೆಮ್ಮೆಯಿಂದ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟುಕೊಂಡೆ. ಅದೊಂದು ಮಹಾಪರಾಧದ ತಪ್ಪೊಪ್ಪಿಗೆ ಪತ್ರವೆಂದು ನನಗೇನು ಗೊತ್ತು?

ಜೂನ್ ಮೊದಲ ವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಕೊಟ್ಟಿಗೆಹಾರದ ಕಡೆಯಿಂದ ಕಳಸಕ್ಕೆ ಹೋಗುತ್ತಿದ್ದೆ. ಒಂದು ಏರು ತಿರುವಿನಲ್ಲಿ ಕಣಿವೆಯ ಕಡೆಯ ಅರ್ಧ ರಸ್ತೆ ಹಿಂದಿನ ಮಳೆಗಾಲದಲ್ಲೇ ಕುಸಿದಿದೆ. ಎಚ್ಚರಿಕೆಗೆ ಒಂದು ಡಾಂಬರು ಡ್ರಮ್ಮು ನಿಲ್ಲಿಸಿದ್ದಾರೆ. ಮೇಲಿನಿಂದ ಕೂಲಿಯವರ ಜೀಪೊಂದು ಇಳಿದು ಬಂತು. ಹಿಂದೆ ಹದಿಮೂರು ಹೆಂಗಸರು. ಡ್ರಮ್ಮು ತಪ್ಪಿಸಲು ಅದು ನನ್ನ ಪಕ್ಕಕ್ಕೆ ಬರಲೇಬೇಕಿತ್ತು, ಬಂತು. ಆದರೆ ನಿಧಾನವಾಗಲೇ ಇಲ್ಲ. ಚಾಲಕನ ಬಾಯಿ ತೆರೆದಿದ್ದು ಕಂಡಿತು. ನಾನು ಬ್ರೇಕನ್ನು ಒದ್ದೆ. ನಾನು ಅಲ್ಲೇ ನಿಂತುಬಿಟ್ಟಿದ್ದರೆ ಅವನಿಗೆ ಉಳಿಯುತ್ತಿದ್ದುದು ಎರಡೇ ದಾರಿ: ನಾನು, ಇಲ್ಲವೇ ಕಣಿವೆ. ಜೀಪಿನಿಂದ ಕಣ್ಣು ಕಿತ್ತು ಗುಡ್ಡದ ಕಡೆಯ ಧರೆಯ ಬುಡದ ಚರಂಡಿ ನೋಡಿದೆ, ಬ್ರೇಕ್ ಬಿಟ್ಟು ಸ್ಟೇರಿಂಗ್ ಎಳೆದೆ. ಕಾರು ಚರಂಡಿಗೆ ಇಳಿದು ಧರೆಗೆ ಒರಗಿತು. ಜೀಪು ನನ್ನ ಕನ್ನಡಿ ಕಿತ್ತುಕೊಂಡು ದಾಟಿಹೋಗಿ, ಕೆಳಗಿನ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು.

ಓಡಿಹೋದೆ. ಮುಚ್ಚಿಡುವುದೇನು, ಮೊದಲು ನನ್ನ ಬಾಯಿಂದ ಬಂದದ್ದು ಬೈಗುಳವೇ. ಎರಡು ದಿನದ ಕೋರ್ಸು ಮಾಡಿದ ಅಹಂಕಾರ ಬೇರೆ. "ಜೀಪು ಓಡಿಸಲಿಕ್ಕೆ ಬರ್ತದೇನೋ ನಿಂಗೆ?" ಎಂದು ಚೀರಿದೆ. ಚಾಲಕ ಚನ್ನಬಸವ ಇನ್ನೂ ಸೀಟಿನಲ್ಲೇ ಇದ್ದ. ಬಲಗಾಲು ಪೆಡಲ್ಲನ್ನು ನೆಲಕ್ಕೆ ಅಂಟಿಸಿ ಒತ್ತಿಕೊಂಡೇ ಇತ್ತು. "ಹಿಡೀಲಿಲ್ಲ ಅಮ್ಮಾ... ಹಿಡೀಲೇ ಇಲ್ಲ" ಎನ್ನುತ್ತ ಅಳುತ್ತಿದ್ದ. ನನಗೆ ನಾಚಿಕೆಯಾಯಿತು. ಹೆಂಗಸರು ಒಬ್ಬೊಬ್ಬರೇ ಇಳಿದರು. ಪಾಪಮ್ಮ ಎಂಬಾಕೆಯ ಹಣೆ ಒಡೆದಿತ್ತು, ಐದು ಹೊಲಿಗೆ ಬಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಪೊಲೀಸರು ಬಂದು ಜೀಪನ್ನು ಒಮ್ಮೆ, ನನ್ನ ಕಾರನ್ನು ಹಲವು ಬಾರಿ ನೋಡಿದರು. "ಇಂಥಾ ಕಾರ್ ಇಟ್ಕೊಂಡು ನಿಧಾನ ಬರ್ತಿದ್ದೆ ಅಂದ್ರೆ ಯಾರು ನಂಬ್ತಾರೆ ಮೇಡಂ?" ಎಂದ ಪೇದೆಯ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಡಬ್ಬಿಯಲ್ಲಿ ಪ್ರಮಾಣಪತ್ರ ಸಿಕ್ಕಿತು. ಅದು ನೇರ ತಮ್ಮ ಸನ್ನಿಧಿಗೆ ಬಂತು.

ಎರಡು ವಾರದ ನಂತರದ ವಿಚಾರಣೆ ತಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ತಾವು ಪ್ರಮಾಣಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿರಿ.

"ಹೈ ಪರ್ಫಾರ್ಮೆನ್ಸ್ ಅಂದ್ರೆ ಸ್ಪೀಡು ತಾನೆ?"

"ಮುಕ್ಕಾಲು ಪಾಲು ನಿಲ್ಲಿಸೋದು ಕಲಿಸ್ತಾರೆ ಸಾರ್."

"ಈ ಕಾರು ಎಷ್ಟರ ಸ್ಪೀಡಲ್ಲಿ ಹೋಗುತ್ತೆ?"

"ಇನ್ನೂರೈವತ್ತು ಅಂತಾರೆ. ಅವತ್ತು ಹೋಗ್ತಿದ್ದಿದ್ದು ಮೂವತ್ತನಾಲ್ಕು. ಕಾರಲ್ಲೇ ದಾಖಲಾಗಿದೆ, ತಂದಿದೀನಿ."

"ಇನ್ನೂರೈವತ್ತು!" ಎಂದು ತಾವು ಗುಮಾಸ್ತರಿಗೆ ಬರೆಸಿದಿರಿ. ಮೂವತ್ತನಾಲ್ಕು ಬರಹಕ್ಕೆ ಇಳಿಯಲಿಲ್ಲ. ತಮ್ಮ ಮನೆಯ ಈಳಿಗೆಮಣೆ ಯಾರ ಕುತ್ತಿಗೆಯನ್ನಾದರೂ ಕೊಯ್ಯಬಲ್ಲದು. ಅಷ್ಟರಿಂದ ತಮ್ಮ ಶ್ರೀಮತಿಯವರ ಮೇಲೆ ಕೊಲೆ ಮೊಕದ್ದಮೆ ಹೂಡುತ್ತಾರೆಯೇ?

ಜೀಪಿನ ವಿಷಯ ಎತ್ತಿದೆ. ಅಪಘಾತಕ್ಕೆ ನಾಲ್ಕೇ ದಿನ ಮುಂಚೆ, 'ಬ್ರೇಕ್: ತೃಪ್ತಿಕರ' ಎಂದು ತಮ್ಮ ಸಹಿಯಲ್ಲಿ ಅದಕ್ಕೆ ಅರ್ಹತಾ ಪತ್ರ ಸಿಕ್ಕಿತ್ತು. ಆ ದಿನ ಜೀಪು ಎಲ್ಲಿತ್ತೆಂದು ಚನ್ನಬಸವನನ್ನು ನಾನು ಕೇಳಿದ್ದೆ. "ಶೆಡ್ಡಲ್ಲಿ ಚಕ್ರ ಬಿಚ್ಚಿ ಮಲಗಿಸಿದ್ವಿ ಅಮ್ಮ. ಜೀಪು ಹೋಗಿರ್ಲಿಲ್ಲ, ಕಾಗದ ಮಾತ್ರ ಹೋಗಿತ್ತು" ಎಂದಿದ್ದ. ಚಕ್ರವಿಲ್ಲದ ವಾಹನದ ಬ್ರೇಕು ತೃಪ್ತಿಕರವಾಗಿಯೇ ಇರುತ್ತದೆ, ಒಪ್ಪುತ್ತೇನೆ. ಇದನ್ನು ಹೇಳಿದಾಗ ತಾವು "ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಚಹಾ ತರಿಸಿಕೊಂಡಿರಿ.

ಹೊರಗಿನ ಬೆಂಚಿನಲ್ಲಿ ಪಾಪಮ್ಮ ಕುಳಿತಿದ್ದಳು. ನಾನು ಕರೆದವಳಲ್ಲ. "ನಾನು ನೋಡಿದ್ದನ್ನ ನಾನೇ ಹೇಳ್ತೀನಿ" ಎಂದು ಒಂದು ದಿನದ ಕೆಲಸ ಬಿಟ್ಟು, ಎರಡು ಬಸ್ಸು ಹತ್ತಿ, ಹಣೆಯ ಪಟ್ಟಿಯೊಡನೆ ಬಂದಿದ್ದಳು. ಹತ್ತು ಗಂಟೆಯಿಂದ ಮೂರೂವರೆಯ ತನಕ ಕಾದಳು. 'ಹೇಳಿಕೆಯ ಅಗತ್ಯ ಕಂಡುಬಂದಿಲ್ಲ' ಎಂದು ಒಳಗಿನಿಂದ ಹೇಳಿಕಳಿಸಿದಿರಿ. ಅವಳು ನನ್ನನ್ನು ಕೇಳಿದಳು: "ಜೀಪಲ್ಲಿ ಇದ್ದಿದ್ದು ನಾನಲ್ವಾ ಅಮ್ಮ? ಅವ್ರೇನು ಇರ್ಲಿಲ್ವಲ್ಲ?" ಈ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತಿದ್ದೇನೆ. ಅದು ತಮ್ಮ ವ್ಯಾಪ್ತಿಗಾದರೂ ಬರುತ್ತದೆಯೇ?

ಅಮಾನತಿನ ಜೊತೆಗೆ ನನಗೆ 'ಸುರಕ್ಷಿತ ಚಾಲನೆ ಪುನಶ್ಚೇತನ'ದ ಶಿಕ್ಷೆಯೂ ಆಯಿತು. ಹಾಜರಾದೆ. ಎರಡು ಗಂಟೆ ಒಂದು ಹಿಂದಿ ವಿಡಿಯೋ ತೋರಿಸಿದರು. ಅರ್ಧದಲ್ಲಿ ಚಿತ್ರ ಹೋಗಿ ದನಿ ಮಾತ್ರ ಉಳಿಯಿತು. ಪಕ್ಕದ ಟ್ರ್ಯಾಕ್ಟರ್ ಚಾಲಕ ಸುರಕ್ಷಿತವಾಗಿ ಗೊರಕೆ ಹೊಡೆದ. ಇಬ್ಬರಿಗೂ ಒಂದೇ ಪ್ರಮಾಣಪತ್ರ ಸಿಕ್ಕಿತು.

ಇನ್ನು ಎರಡನೇ ನೋಟಿಸಿನ ವಿಷಯ. ಅಪಘಾತದ ಮಾರನೇ ದಿನದಿಂದ ಆ ಹೆಂಗಸರು ಜೀಪು ಹತ್ತಲು ಒಪ್ಪಲಿಲ್ಲ. ನಾಲ್ಕು ಮೈಲಿ ಮಳೆಯಲ್ಲಿ ನಡೆದೇ ತೋಟಕ್ಕೆ ಹೋದರು. ಮೂರು ದಿನಕ್ಕೆ ತೋಟದ ಮಾಲೀಕರು ವಿಶ್ವನಾಥ್ ಅವರು ಜೀಪಿಗೆ ಹೊಸ ಬ್ರೇಕು ಹಾಕಿಸಿದರು. ಆದರೆ ಪಾಪಮ್ಮ, "ಹಾಕ್ಸಿದೀವಿ ಅಂತ ಕಾಗದ ತೋರಿಸ್ಬೇಡಿ ಸಾವ್ಕಾರ್ರೆ, ನಿಲ್ಸಿ ತೋರ್ಸಿ" ಎಂದಳಂತೆ. ನಾನು ಇದನ್ನು ಫೋನಿನಲ್ಲಿ ಪಂಚಮಿಗೆ ಹೇಳಿದೆ. ಅವಳು ತಂದೆಯ ಕಣ್ಣಿನ ಆಪರೇಷನ್ನಿಗೆಂದು ಜುಲೈಯಲ್ಲಿ ಊರಿಗೆ ಬರುವವಳಿದ್ದಳು. "ಒಂದು ಭಾನುವಾರ ಕೊಡ್ತೀನಿ. ಕಾಫಿ ಒಣಗಿಸೋ ಕಣ ಈಗ ಖಾಲಿ ಇರ್ತದಲ್ಲ, ಸಾಕು" ಎಂದಳು.

ವಿಶ್ವನಾಥ್ ಅವರ ಕಣದಲ್ಲಿ ಅಂದು ಏಳು ಜೀಪುಗಳು ಸೇರಿದವು. ಪಂಚಮಿ ನೆಲಕ್ಕೆ ಬಿಳಿ ಗೆರೆ ಎಳೆದು, ಅದರಾಚೆಗೆ ಕಾಫಿ ಹೊಟ್ಟಿನ ಮೂಟೆಗಳನ್ನು ಜೋಡಿಸಿದಳು. ಇಷ್ಟು ವೇಗದಲ್ಲಿ ಬನ್ನಿ, ಇಲ್ಲಿ ಒದೆಯಿರಿ, ಗೆರೆಯೊಳಗೆ ನಿಲ್ಲಿ. ಏಳೂ ವಾಹನಗಳಲ್ಲಿ ತಮ್ಮ ಅರ್ಹತಾ ಪತ್ರಗಳಿದ್ದವು. ಗೆರೆಯೊಳಗೆ ನಿಂತವು ಮೂರು. ಉಳಿದ ನಾಲ್ಕು ಮೂಟೆಗಳಿಗೆ ನುಗ್ಗಿದವು. ಕಣದ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದ ಹೆಂಗಸರು ಮೊದಲನೆಯದಕ್ಕೆ ನಕ್ಕರು, ಎರಡನೆಯದಕ್ಕೂ ನಕ್ಕರು. ಮೂರನೆಯದಕ್ಕೆ ಯಾರೂ ನಗಲಿಲ್ಲ. ಅದರಲ್ಲಿ ದಿನಾ ಹೋಗುತ್ತಿದ್ದ ವಸಂತಮ್ಮ ಎದ್ದು ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚನ್ನಬಸವ ಐದು ಸಲ ಬಂದು ಐದು ಸಲವೂ ಗೆರೆಯೊಳಗೆ ನಿಲ್ಲಿಸಿದ. ಕೊನೆಯ ಸಲ ಇಳಿದವನೇ ನನ್ನ ಹತ್ತಿರ ಬಂದು, "ಈಗ ಓಡಿಸಲಿಕ್ಕೆ ಬರ್ತದೆ ಅಮ್ಮ" ಎಂದ. ಅಂದು ಬೈದದ್ದಕ್ಕೆ ಕ್ಷಮೆ ಕೇಳಿದೆ. ಅವನು ಮುಖ ಆಚೆ ತಿರುಗಿಸಿ ಟೈರು ಒದ್ದು ನೋಡಿದ.

ಇದಾದ ಒಂಬತ್ತನೇ ದಿನಕ್ಕೆ ತಮ್ಮ ನೋಟಿಸು: 'ಪರವಾನಗಿಯಿಲ್ಲದೆ ಚಾಲನಾ ತರಬೇತಿ ಶಾಲೆ ನಡೆಸಿದ್ದಕ್ಕೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು?' ಒಂಬತ್ತೇ ದಿನ! ತಮ್ಮ ಕಚೇರಿಗೂ ಇಷ್ಟು ವೇಗ ಬರುತ್ತದೆಂದು ತಿಳಿದು ರೋಮಾಂಚನವಾಯಿತು. ನನ್ನ ವಿವರಣೆ ಇದು: ನಾವು ಶಾಲೆ ನಡೆಸಲಿಲ್ಲ. ತಮ್ಮ ಕೆಲಸವನ್ನು ಒಂದು ಭಾನುವಾರ ಮಾಡಿದೆವು. ಅದಕ್ಕೆ ಪರವಾನಗಿ ಬೇಕೆಂದು ತಿಳಿದಿರಲಿಲ್ಲ, ಏಕೆಂದರೆ ಪರವಾನಗಿ ಇದ್ದವರು ಅದನ್ನು ಮಾಡಿದ್ದನ್ನು ನೋಡಿರಲಿಲ್ಲ.

ನನ್ನ ಅಮಾನತು ಮುಂದುವರಿಯಲಿ, ದಂಡ ಹಾಕಿ, ಕಟ್ಟುತ್ತೇನೆ. ಬೇಕಾದರೆ ಹಳದಿ ಕಾರಿಗೆ ಬೂದು ಬಣ್ಣ ಬಳಿಸುತ್ತೇನೆ. ನನ್ನ ಬೇಡಿಕೆ ಒಂದೇ. ಮೂಟೆಗೆ ನುಗ್ಗಿದ ನಾಲ್ಕು ಜೀಪುಗಳಲ್ಲಿ ಮೂರನ್ನು ರಿಪೇರಿ ಮಾಡಿಸಿದ್ದಾರೆ. ಬಾಕಿ ಉಳಿದದ್ದು ಒಬ್ಬ ಕಂಟ್ರಾಕ್ಟರನದು. ವಸಂತಮ್ಮ ಮತ್ತು ಜೊತೆಯವರು ಅದನ್ನು ಹತ್ತುವುದಿಲ್ಲವೆಂದಾಗ, ಆತ ಬೇರೆ ಊರಿನಿಂದ ಹೊಸ ಕೆಲಸದವರನ್ನು ತಂದ. ಅವರಿಗೆ ಈ ಗೆರೆಯ ಕತೆ ಗೊತ್ತಿಲ್ಲ. ನಾನು ಹೋಗಿ ಕೇಳಿದ್ದಕ್ಕೆ ಆತ ತಮ್ಮ ಪತ್ರವನ್ನು ಗಾಜಿಗೆ ಅಂಟಿಸಿದ್ದನ್ನು ತೋರಿಸಿ, "ಇನ್ನೊಂದು ವರ್ಷ ಇದೆ ಮೇಡಂ, ಸರ್ಕಾರಕ್ಕಿಂತ ನಿಮಗೆ ಹೆಚ್ಚು ಗೊತ್ತಾ?" ಎಂದ. ಆ ಜೀಪಿನ ಸಂಖ್ಯೆಯನ್ನು, ಸ್ವೀಕೃತಿ ಚೀಟಿಯೂ ಬಾರದ ನನ್ನ ದೂರಿನಲ್ಲಿ ಮೂರು ಸಲ ಬರೆದಿದ್ದೇನೆ. ಆ ಒಂದು ಪತ್ರವನ್ನು ರದ್ದುಮಾಡಿ. ಅದು ಪ್ರತಿದಿನ ಬೆಳಿಗ್ಗೆ ಏಳೂಕಾಲಿಗೆ, ಹದಿನಾರು ಜನರನ್ನು ತುಂಬಿಕೊಂಡು, ಆ ಇಳಿಜಾರಿನಲ್ಲಿ ಹೊರಡುತ್ತದೆ. ನಾಳೆಯೂ ಹೊರಡುತ್ತದೆ.

ಇಂತಿ,
ತಮ್ಮ ಎರಡು ನೋಟಿಸುಗಳಿಗೂ ಏಕಕಾಲಕ್ಕೆ ಪಾತ್ರಳಾದ,
ಸದ್ಯ ಬೂಟಿನ ಚೀಲ ಹೊತ್ತು ಬಸ್ಸಿಗೆ ಕಾಯುತ್ತಿರುವ,
ಸರ್ವಮಂಗಳಾ ಜಯದೇವಪ್ಪ
ಚಿಕ್ಕಮಗಳೂರು