ತಮ್ಮನಿಗೆ ವೈಸ್ ಆರಿಸಲು ಹೇಳಿಕೊಟ್ಟದ್ದು

ಮನೆಯ ಹಿಂದಿನ ವರ್ಕ್‌ಶಾಪ್,
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಇಡೀ ದಿನ ತಿರುಗುವ ಕುರ್ಚಿಯಲ್ಲಿ ಕೂತು ಜನರಿಗೆ ಸೋಫಾ ಮಾರುವ ನಿನಗೆ ಸೊಂಟ ಹಿಡಿಯುತ್ತದೆ, ಬೆಳಗಿನಿಂದ ನಿಂತೇ ಅರ ಉಜ್ಜುವ ನನಗೆ ಒಂದು ನೆಗಡಿಯೂ ಬರುವುದಿಲ್ಲ. ಬಿಸಿನೀರಿನ ಶಾಖ ತೆಗೆದುಕೋ. ನಿನ್ನ ಹೆಂಡತಿಗೆ ಹೇಳಿದರೆ ಕೊಟ್ಟಾಳು, ಆದರೆ ಸ್ವಲ್ಪ ಮೆತ್ತಗೆ ಹೇಳು, ನನಗೆ ಹೇಳುವ ಹಾಗೆ ಹೇಳಬೇಡ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಕಣ್ಣು ಮಾತ್ರ ಮಂಜು. ಪೇಪರಿನ ದಪ್ಪ ಅಕ್ಷರ ಕಾಣುತ್ತದೆ, ಸಣ್ಣದನ್ನು ನಾನು ಓದಿ ಹೇಳಬೇಕು. ಬೆರಳಿಗೆ ಇನ್ನೂ ವಯಸ್ಸಾಗಿಲ್ಲ. ಮೊನ್ನೆ ಒಂದು ಬೋಲ್ಟನ್ನು ಸವರಿ ನೋಡಿಯೇ ಥ್ರೆಡ್ ಸವೆದಿದೆ ಎಂದು ಪಕ್ಕಕ್ಕೆ ಎಸೆದರು.

ಇನ್ನು ನಿನ್ನ ಪತ್ರದ ವಿಷಯ. ವರ್ಕ್‌ಶಾಪ್ ನಿನ್ನ ಕೈಗೆ ಬರಬೇಕೆಂದು ಅಪ್ಪನಿಗೆ ಫೋನ್ ಮಾಡಿದೆಯಂತೆ. ‘ನಿಂದೇ ಅಲ್ವೇನೋ ಅದು, ನೀನೇ ಗೆದ್ದಿದ್ದು. ಆದ್ರೆ ಇಪ್ಪತ್ತೆರಡು ವರ್ಷ ಆಯ್ತು, ಕೈ ಮರೆತಿರುತ್ತೆ. ಭಾನುವಾರ ಬಂದು ಇನ್ನೊಂದ್ಸಲ ಆರಿಸು’ ಎಂದರಂತೆ. ನಮ್ಮ ಮನೆಯ ಕಟ್ಟಳೆ ನಿನಗೆ ನೆನಪಿರಬೇಕು. ಇಲ್ಲಿ ಬೆಂಚು ಹಿರಿಯರಿಗೂ ಹೋಗುವುದಿಲ್ಲ, ಕಿರಿಯರಿಗೂ ಹೋಗುವುದಿಲ್ಲ. ಕಬ್ಬಿಣವನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ಏಳು ಹಳೆಯ ವೈಸ್‌ಗಳನ್ನು ಸಾಲಾಗಿ ಇಡುತ್ತಾರೆ. ಒಂದು ಗಟ್ಟಿ, ಉಳಿದ ಆರಕ್ಕೂ ಒಂದೊಂದು ಕಾಯಿಲೆ. ಗಟ್ಟಿಯದರ ಮೇಲೆ ಕೈಯಿಟ್ಟವರಿಗೆ ಬೆಂಚು, ಸಾಮಾನು, ಬೀಗದ ಕೈ. ತಾತ ಅಪ್ಪನನ್ನು ಹಾಗೆಯೇ ಆರಿಸಿದ್ದು, ದೊಡ್ಡಪ್ಪನನ್ನು ಹಾಗೆಯೇ ಮನೆಯಿಂದ ಕಳಿಸಿದ್ದು. ಮನೆಗಿರುವ ಒಂದೇ ಫೋನ್ ಅಪ್ಪನ ಜೇಬಿನಲ್ಲಿರುತ್ತದೆ ಎಂದು ನೀನು ನನಗೆ ಪತ್ರ ಬರೆದಿದ್ದೀಯ, ಜಾಣ. ‘ಅಕ್ಕಾ, ಏನೇನು ನೋಡ್ಬೇಕು ಅಂತ ಸ್ವಲ್ಪ ಬರೆದು ಕಳಿಸು. ಅಪ್ಪಂಗೆ ಹೇಳ್ಬೇಡ. ಅವತ್ತಿನ ಥರಾನೇ.’ ಆ ಕೊನೆಯ ಎರಡು ಪದಗಳನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅವತ್ತು ಏನಾಯಿತು ಎನ್ನುವುದನ್ನು ನೀನು ಮರೆತಿದ್ದೀಯ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಮರೆತಿಲ್ಲ ಎಂದು ತಿಳಿದು ಇನ್ನೂ ಸಿಟ್ಟು ಬಂತು.

ಅವತ್ತು ನಿನಗೆ ಹದಿನೇಳು, ನನಗೆ ಇಪ್ಪತ್ತು. ಹಿಂದಿನ ದಿನವೆಲ್ಲ ನೀನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಸೋತರೆ ಮುಖ ತೋರಿಸುವುದಿಲ್ಲ ಎಂದೆ. ನನ್ನ ಕರುಳು ಚುರ್ ಎಂದಿತು, ಆಗ ನನಗೆ ಅಂಥದೊಂದು ಕರುಳಿತ್ತು. ಮರುದಿನ ನಾನು ಬಾಗಿಲ ಪಕ್ಕ ನಿಂತೆ. ನೀನು ಸಾಲಿನ ಉದ್ದಕ್ಕೂ ಪಂಡಿತನ ಹಾಗೆ ಹುಬ್ಬು ಗಂಟಿಕ್ಕಿ ನಡೆದೆ. ಐದನೆಯದರ ಮುಂದೆ ಬಂದಾಗ ನಾನು ಎರಡು ಸಲ ಕೆಮ್ಮಿದೆ. ಅಮ್ಮ ಪಾಪ, ಆ ಸಂಜೆ ನನಗೆ ಕೆಮ್ಮಿನ ಔಷಧಿ ಕುಡಿಸಿದಳು. ನನ್ನ ಸರದಿ ಬಂದಾಗ ಬೇಕೆಂದೇ ಎರಡನೆಯದರ ಮೇಲೆ ಕೈಯಿಟ್ಟೆ, ಅದರ ಬುಡ ಸೀಳಿದ್ದು ನನಗೆ ಮೂರು ಹೆಜ್ಜೆ ದೂರದಿಂದಲೇ ಗೊತ್ತಿತ್ತು. ಆಗ ನೀನು, ಎರಕದ ಕೆಲಸದವರು, ಲೇತ್ ಮೇಸ್ತ್ರಿ, ಚಿಕ್ಕಪ್ಪಂದಿರು ಎಲ್ಲರೂ ಕೇಳುವ ಹಾಗೆ ಹೇಳಿದೆ: ‘ಬಿಡಿ ಅಪ್ಪಾ, ಹೆಂಗಸರ ಕೈಗೆ ಕಬ್ಬಿಣ ಮಾತಾಡಲ್ಲ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆರೇ ತಿಂಗಳಿಗೆ ಎಣ್ಣೆ ವಾಸನೆ ತಲೆನೋವು ತರುತ್ತದೆಂದು ನೀನು ಊರು ಬಿಟ್ಟೆ. ಅಂದಿನಿಂದ ಇಲ್ಲಿ ನಿನ್ನ ಬೆಂಚಿನ ಮೇಲೆ, ನಿನ್ನ ಹೆಸರಿನಲ್ಲಿ ದುಡಿದವಳು ನಾನು. ಹೊಟ್ಟೆ ಉರಿಯಿತಾ ಎಂದು ಕೇಳಿದರೆ, ಉರಿಯಿತು. ಈಗಲೂ ಉರಿಯುತ್ತದೆ.

ಇರಲಿ, ಕೇಳಿದವನಿಗೆ ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಹೇಳಿಕೊಡುತ್ತೇನೆ, ಗಮನವಿಟ್ಟು ಓದು. ಈಗ ನಮ್ಮಲ್ಲಿ ಮೂವತ್ತೊಂದು ವೈಸ್ ಇವೆ. ಅಪ್ಪನ ಕಾಲದ್ದು ಒಂಬತ್ತು, ಉಳಿದವು ನಾನು ಮುಚ್ಚಿದ ಸೈಕಲ್ ಕಾರ್ಖಾನೆಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ, ಗುಜರಿ ಅಂಗಡಿಯ ಒಡೆದ ಬಾತ್‌ಟಬ್ಬಿನ ಒಳಗೆ ಹುಡುಕಿ ತಂದವು. ಮೊದಲ ಪಾಠ: ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸ ಬಣ್ಣ ಬಳಿದಿದ್ದರೆ ದೂರ ಇರು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರಿಗೆ ಮನೆಯಲ್ಲೇ ಮರಗೆಲಸ ಮಾಡುವ ಚಪಲ. ದವಡೆ ಪರೀಕ್ಷಿಸುವುದೇ ಕಸುಬಾದವರು, ನನ್ನನ್ನು ಒಂದು ಮಾತೂ ಕೇಳದೆ ಹಸಿರು ಬಣ್ಣ ಮಿರಮಿರ ಮಿಂಚುವ ಒಂದು ವೈಸ್ ತಂದರು. ಬಿರುಕಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದದ್ದು. ಮೊದಲ ಸಲ ಬಿಗಿಯಾಗಿ ತಿರುಗಿಸಿದಾಗಲೇ ಮುಂದಿನ ದವಡೆ ಕಳಚಿ ಅವರ ಹೆಬ್ಬೆರಳ ಮೇಲೆ ಬಿತ್ತು. ನಾನು ಹಣ್ಣು ತೆಗೆದುಕೊಂಡು ಹೋಗಿ ಲೊಚಗುಟ್ಟಿ ಬಂದೆ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡನೆಯದು, ಸುತ್ತಿಗೆ. ಸಣ್ಣ ಸುತ್ತಿಗೆಯಿಂದ ಮೈಮೇಲೆ ಅಲ್ಲಲ್ಲಿ ತಟ್ಟು. ಮಣ್ಣಿನ ಮಡಕೆ ಕೊಳ್ಳುವಾಗ ಅಮ್ಮ ಬೆರಳಿನಿಂದ ಬಡಿದು ನೋಡುತ್ತಿದ್ದಳಲ್ಲ, ಹಾಗೆ. ಠಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆಲ್ಲೋ ಸೀಳಿದೆ.

ಮೂರನೆಯದು, ಹಿಡಿ. ಹಿಡಿಯನ್ನು ಒಂದು ಕಡೆ ತಿರುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸು. ದವಡೆ ಅಲುಗದೆ ಹಿಡಿ ಮಾತ್ರ ಅರ್ಧ ಸುತ್ತು ಸಲೀಸಾಗಿ ಓಡಿದರೆ ಅದೇ ಒಳ್ಳೆಯ ಸ್ಕ್ರೂ, ಹಿರಿಯ ಫಿಟ್ಟರುಗಳು ಅದನ್ನು ಉಸಿರಾಡುವ ಸ್ಕ್ರೂ ಎನ್ನುತ್ತಾರೆ. ಹಿಡಿ ತಿರುಗಿದ ಕೂಡಲೇ ದವಡೆಯೂ ಹೊರಟರೆ ಅದು ತುಕ್ಕು ಕಚ್ಚಿಕೊಂಡಿರುವ ಲಕ್ಷಣ, ಮುಂದಿನದಕ್ಕೆ ಹೋಗು. ನಾಲ್ಕನೆಯದು, ಕಾಗದ. ದವಡೆ ಮುಚ್ಚಿ ಎರಡೂ ತುದಿಗೆ ಒಂದೊಂದು ಕಾಗದದ ಚೂರು ಸಿಕ್ಕಿಸು, ಎಳೆದು ನೋಡು. ಒಂದು ಕಡೆ ಹರಿದು ಇನ್ನೊಂದು ಕಡೆ ಜಾರಿ ಬಂದರೆ ದವಡೆ ಸೊಟ್ಟ. ಕೊನೆಯದಾಗಿ ಪೂರ್ತಿ ತೆರೆದು, ಮುಂದಿನ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು. ಮುದುಕರ ಹಲ್ಲಿನ ಹಾಗೆ ಗಡಗಡ ಅಂದರೆ ಬಿಟ್ಟುಬಿಡು. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ನನಗೆ ಅರ್ಧ ಆಯಸ್ಸು ಹಿಡಿಯಿತು, ನೀನು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಬಹುದು. ಗಂಭೀರವಾಗಿ ಹುಬ್ಬು ಗಂಟಿಕ್ಕುವುದನ್ನು ನಾನು ಹೇಳಿಕೊಡಬೇಕಿಲ್ಲ, ಅದರಲ್ಲಿ ನೀನು ಹುಟ್ಟುಪ್ರತಿಭೆ.

ಗೆದ್ದ ಮೇಲೆ ಏನು ಮಾಡುತ್ತೀಯ ಎಂದೂ ಬರೆದಿದ್ದೀಯ. ಹೋಟೆಲ್ ನಡೆಸುವ ನಿನ್ನ ಗೆಳೆಯ ಮೂವತ್ತೊಂದನ್ನೂ ತೆಗೆದುಕೊಳ್ಳುತ್ತಾನಂತೆ. ಒಂದೊಂದು ಮೇಜಿಗೂ ಒಂದೊಂದು, ದವಡೆಯ ನಡುವೆ ಬಲ್ಬು ಸಿಕ್ಕಿಸಿ ದೀಪ ಮಾಡುತ್ತಾನಂತೆ. ಆಮೇಲೆ, ‘ನಿಂಗೂ ಏನಾದ್ರೂ ಒಂದ್ ಕೆಲ್ಸ ಇರುತ್ತೆ ಬಿಡಕ್ಕಾ, ಅವನ ಹತ್ರ ಹೇಳಿದ್ದೀನಿ’ ಎಂದಿದ್ದೀಯ. ಏನು ಕೆಲಸವೋ? ದೀಪ ಒರೆಸುವುದೋ? ನಿನ್ನ ಔದಾರ್ಯ ದೊಡ್ಡದು ಕಣೋ. ನನ್ನ ವೈಸ್‌ಗಳ ಪಕ್ಕ ನನಗೇ ಜಾಗ ಕೊಡುವಷ್ಟು ದೊಡ್ಡದು.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು ಕೊಡು, ಅವು ನಿನ್ನ ಮಕ್ಕಳಾಗಿರುವುದು ಅವುಗಳ ತಪ್ಪಲ್ಲ. ನಿನಗೆ ಒಳ್ಳೆಯದಾಗಲಿ, ಸೊಂಟ ಬೇಗ ನೆಟ್ಟಗಾಗಲಿ.

ಹರಸುವ ನಿನ್ನ
ಅಕ್ಕ

ತಾ.ಕ.: ಟಪಾಲಿನ ಹೊತ್ತಾಯಿತು, ಆದ್ದರಿಂದ ಚುಟುಕಾಗಿ. ಲಕೋಟೆ ಅಂಟಿಸುವಾಗ ಅಪ್ಪ ಬಂದು ಬೆಂಚಿನ ಮೇಲೆ ಕೂತರು. ಏನು ಬರೆದೆ, ಓದು ಎಂದರು. ಓದಿದೆ. ಕೆಮ್ಮಿದ್ದನ್ನೂ ಬಿಡಲಿಲ್ಲ, ದೀಪವನ್ನೂ ಬಿಡಲಿಲ್ಲ. ಕೆಮ್ಮಿನ ವಿಷಯ ಬಂದಾಗ ಅವರು ಪಕ್ಕದ ಬೋಲ್ಟೊಂದನ್ನು ಸವರುತ್ತಾ ಕೂತರು. ಹಿಡಿಯ ವಿಷಯ ಬಂದಾಗ ಮಾತ್ರ ಕೆಮ್ಮು ಬರುವ ತನಕ ನಕ್ಕರು. ಏಕೆಂದರೆ ಅದನ್ನು ನಾನು ಬೇಕೆಂದೇ ತಲೆಕೆಳಗು ಬರೆದೆ. ಹಿಡಿ ಸುಮ್ಮನೆ ಓಡಿದರೆ ಒಳಗಿನ ನಟ್ಟು ಸವೆದು ಸತ್ತಿದೆ ಎಂದರ್ಥ, ಉಸಿರಾಡುವ ಸ್ಕ್ರೂ ಎನ್ನುವುದು ಲೋಕದಲ್ಲೇ ಇಲ್ಲ. ಭಾನುವಾರ ನೀನು ಎಲ್ಲರ ಮುಂದೆ ಆ ಸತ್ತದ್ದರ ಮೇಲೆ ಕೈಯಿಡುವುದನ್ನು ನೋಡಬೇಕೆಂದಿದ್ದೆ. ಅಪ್ಪ ಬೇಡ ಎಂದರು: ‘ಅಷ್ಟು ದೂರದಿಂದ ಯಾಕೆ ಕರೆಸ್ತೀಯ? ಕೆಲಸ ಗೊತ್ತಿರೋನಿಗೆ ಅದನ್ನ ಓದುವಾಗ್ಲೇ ನಗು ಬರುತ್ತೆ. ನಕ್ಕಿದ್ರೆ ಬರಲಿ, ನಗದಿದ್ರೆ ಅಲ್ಲೇ ಇರಲಿ.’ ಆದ್ದರಿಂದ ಭಾನುವಾರ ಸಾಲು ಇಡುವುದಿಲ್ಲ, ನಿನ್ನ ಪರೀಕ್ಷೆ ಈಗಷ್ಟೇ ಮುಗಿಯಿತು. ನಕ್ಕೆಯೋ ಇಲ್ಲವೋ ನಿನಗೇ ಗೊತ್ತು. ನೀನು ನಗಲಿಲ್ಲ ಎಂದುಕೊಂಡು ನಾನು ಭಾನುವಾರಕ್ಕೆಂದು ಇಳಿಸಿಟ್ಟಿದ್ದ ನಿನ್ನ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ.