ಶಿಬಿರಕ್ಕೆ ಒಯ್ದ ನಡಿಗೆ

ಸಂತೆಗುಳಿ, ಕುಮಟಾ ತಾಲೂಕು
8 ಜನವರಿ 2008

ಪೂಜ್ಯ ರಮಾನಂದ ಸರ್,

ಮುಟ್ಟಳ್ಳಿಯ ರೇಖಾ ಮಾಡುವ ನಮಸ್ಕಾರ. ಹೊನ್ನಾವರದಿಂದ ನೀವು ಬರೆದ ಪತ್ರ ಇಲ್ಲಿಯ ನನ್ನ ಅಂಗನವಾಡಿಗೆ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಅಂಚೆಯವನ ಮೇಲೆ ತಪ್ಪು ಹೊರಿಸಬಹುದಿತ್ತು. ಆದರೆ ಆತ ದಿನಾ ನನ್ನ ಎದುರಿಗೇ ಓಡಾಡುತ್ತಾನೆ, ಪಾಪ.

ಮತ್ತೆ ಶಿಬಿರ ಮಾಡುತ್ತಿದ್ದೀರಿ, ಇಪ್ಪತ್ತು ಹುಡುಗ ಹುಡುಗಿಯರು ಬರುತ್ತಾರೆ, ಏಡ್ಸ್ ಬಗ್ಗೆ ಅದೇ ಬೀದಿನಾಟಕ, ಅಭಿನಯ ಕಲಿಸಲು ನಾನು ಬರಬೇಕು ಎಂದಿದ್ದೀರಿ. ನನ್ನಷ್ಟು ಚೆನ್ನಾಗಿ ನೋಡುವ ಕಣ್ಣು ನಿಮಗೆ ಮತ್ತೆ ಸಿಗಲಿಲ್ಲ ಎಂದೂ ಬರೆದಿದ್ದೀರಿ. ಈ ಮಾತು ಆರು ವರ್ಷದ ಹಿಂದೆ ಬಂದಿದ್ದರೆ ಊಟ ಬಿಟ್ಟು ಕುಣಿಯುತ್ತಿದ್ದೆ. ನಿಮ್ಮ ಬಾಯಿಂದ ಒಂದು ಶಾಭಾಸ್ ಹೊರಡಿಸಲು ನಾವೆಲ್ಲ ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಈಗ ಮಾತ್ರ ನಾನು ಬರುವುದಿಲ್ಲ, ಸರ್. ಕಾರಣ ಬರೆಯದಿದ್ದರೆ ನೀವು ಬಸ್ಸು ಹತ್ತಿ ಇಲ್ಲಿಗೇ ಬಂದುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಶಿಬಿರಕ್ಕೆ ಬರುವ ಮೊದಲೇ ನೀವು ನಮಗೆಲ್ಲ ಒಂದು ಮನೆಪಾಠ ಕೊಟ್ಟಿದ್ದಿರಿ. ನಿಮ್ಮ ಹತ್ತಿರದವರೊಬ್ಬರನ್ನು ಹತ್ತು ದಿನ ನೋಡಿ, ಅವರು ನಡೆಯುವುದು, ಕೂರುವುದು, ಉಸಿರಾಡುವುದು ಎಲ್ಲ ಕಲಿತು ಬನ್ನಿ, ಹೆಸರು ಮಾತ್ರ ಊರಲ್ಲೇ ಬಿಟ್ಟು ಬನ್ನಿ ಎಂದಿದ್ದಿರಿ. ಹೆಸರು ಬಿಟ್ಟರೆ ಮನುಷ್ಯನ ಗುರುತು ಸಿಗುವುದಿಲ್ಲ ಎಂದು ಯಾರು ಹೇಳಿದರು, ಸರ್, ನಿಮಗೆ? ನಮ್ಮೂರಲ್ಲಿ ಗದ್ದೆಯ ಆಚೆ ದಂಡೆಯಲ್ಲಿ ಒಬ್ಬ ಹೋಗುತ್ತಿದ್ದರೆ ಮುಖ ಕಾಣದಿದ್ದರೂ ಯಾರ ಮನೆಯವನೆಂದು ಹೇಳುತ್ತಾರೆ. ಅಷ್ಟೂ ಯೋಚಿಸದೆ ನೀವು ಪಾಠ ಕೊಟ್ಟಿರಿ ಎಂದು ನನಗೆ ಬಹಳ ವರ್ಷ ಸಿಟ್ಟಿತ್ತು.

ನಾನು ನೋಡಿದ್ದು ನನ್ನ ಅಣ್ಣ ವೆಂಕಟನನ್ನು. ಗೋವಾದಲ್ಲಿ ನಾಲ್ಕು ವರ್ಷ ಬೋಟಿನ ಕೆಲಸ ಮಾಡಿ, ಮೈಯೆಲ್ಲ ಇಳಿದು ಮನೆಗೆ ಬಂದಿದ್ದ. ಅವನ ಕಾಯಿಲೆ ಯಾವುದೆಂದು ಆಗ ನನಗೆ ಗೊತ್ತಿರಲಿಲ್ಲ. ಹೊಟ್ಟೆಹುಣ್ಣು ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಗೋವಾಕ್ಕೆ ಹೋಗುವ ಮೊದಲು ಊರ ತೋಟಗಳಲ್ಲಿ ಕಾಯಿ ಕೊಯ್ಯುತ್ತಿದ್ದವನು ಅವನು. ಈಗ ಹತ್ತು ಹೆಜ್ಜೆ ಇಟ್ಟರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದು ಯಾರಿಗೂ ಕಾಣಬಾರದೆಂದು ಎಡಗೈ ಸೊಂಟದ ಮೇಲಿಟ್ಟು, ಹತ್ತಿರದ ತೆಂಗಿನಮರದ ತುದಿ ನೋಡುತ್ತ, ಕಾಯಿ ಎಣಿಸುವವನ ಹಾಗೆ ನಿಲ್ಲುತ್ತಿದ್ದ. ಉಸಿರು ಬಂದಮೇಲೆ ಮತ್ತೆ ಹತ್ತು ಹೆಜ್ಜೆ.

ಶಿಬಿರದ ಎರಡನೆಯ ದಿನ ಶಾಲೆಯ ಹಾಲಿನಲ್ಲಿ ನಾನು ಅದನ್ನು ಮಾಡಿ ತೋರಿಸಿದೆ. ಮೇಲೆ ಹಂಚು ಬಿಟ್ಟು ಏನೂ ಇರಲಿಲ್ಲ, ಆದರೂ ತೆಂಗಿನಮರ ಕಾಣಿಸಿತು ಎಂದು ನೀವು ಹೇಳಿದಿರಿ. ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಇದು ಯಾರು ಎಂದು ಕೇಳಿದಾಗ ನಮ್ಮೂರ ಯಾರೋ ಮುದುಕ ಎಂದೆ. ಅಣ್ಣ ಎಂದರೆ ಎಲ್ಲರೂ ನಕ್ಕಾರು ಅನ್ನಿಸಿತ್ತು. ಅವತ್ತೇ ರೋಗಿಯ ಪಾತ್ರ ನನಗೆ ಬಂತು. ಗಂಡಸಿನ ಪಾತ್ರ ಹುಡುಗಿಗೆ ಕೊಟ್ಟರೆಂದು ನಮ್ಮ ತಂಡದ ನರೇಶ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೆಯ ಆಟ ಮುಟ್ಟಳ್ಳಿಯಲ್ಲಿತ್ತು. ಸಂಜೆ ಐದು ಗಂಟೆ, ಶಾಲೆಯ ಬಯಲು. ನರೇಶ ಗುಮಟೆ ಬಾರಿಸಿದ ಸದ್ದಿಗೆ ಊರೆಲ್ಲ ಸೇರಿತ್ತು. ಅಣ್ಣನಿಗೆ ಬೆಳಿಗ್ಗೆಯಿಂದ ಜ್ವರ, ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ, ಸರ್. ತಂಗಿಯ ಆಟವೆಂದು ಇಸ್ತ್ರಿ ಮಾಡಿದ ಶರಟು ಹಾಕಿ, ಅಮ್ಮನ ಜೊತೆ ಬಂದು ಮುಂದೆಯೇ ಕೂತ. ನಾನು ಅಂಗಳಕ್ಕೆ ಇಳಿದು ಹತ್ತು ಹೆಜ್ಜೆ ನಡೆದು ನಿಂತು ಮೇಲೆ ನೋಡಿದೆ. ಮೊದಲು ಹುಡುಗರು ನಕ್ಕರು. ಇನ್ನೊಮ್ಮೆ ನಿಂತಾಗ ಯಾರೂ ನಗಲಿಲ್ಲ, ಎಲ್ಲರ ಮುಖ ಅಣ್ಣನ ಕಡೆ ತಿರುಗಿತ್ತು.

ಅವನು ಎದ್ದು ಮನೆ ಕಡೆ ಹೊರಟ. ಹತ್ತು ಹೆಜ್ಜೆ ಹೋಗಿ ನಿಲ್ಲಲೇಬೇಕಾಯಿತು. ಈ ಸಲ ಮೇಲೆ ನೋಡಲಿಲ್ಲ, ತಲೆ ತಗ್ಗಿಸಿ ನಿಂತ. ಅಷ್ಟು ಜನ ನೋಡುತ್ತಿದ್ದರು. ಬಯಲು ದಾಟಲು ಅವನು ನಾಲ್ಕು ಸಲ ನಿಂತ. ನಾನು ಆಟ ನಿಲ್ಲಿಸಲಿಲ್ಲ. ಪ್ರೇಕ್ಷಕರು ಮೂಕರಾದರು ಎಂದು ಪತ್ರಿಕೆಯಲ್ಲಿ ಬಂದದ್ದನ್ನು ನೀವು ಕತ್ತರಿಸಿ ಬೋರ್ಡಿಗೆ ಅಂಟಿಸಿದ್ದಿರಿ, ನೆನಪಿದೆಯೇ?

ಮರುದಿನದಿಂದ ಚಹಾದಂಗಡಿಯಲ್ಲಿ ಅವನಿಗೆ ಗ್ಲಾಸು ಬೇರೆಯಾಯಿತು. ಅಮ್ಮನನ್ನು ಗದ್ದೆ ನೆಟ್ಟಿಯ ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಮುಟ್ಟಿದರೆ, ಒಟ್ಟಿಗೆ ಉಂಡರೆ ಈ ರೋಗ ಬರುವುದಿಲ್ಲ ಎಂದು ನಾವು ಅದೇ ಬಯಲಿನಲ್ಲಿ ಕೂಗಿ ಹೇಳಿದ್ದೆವು. ಜನ ಅದರಲ್ಲಿ ರೋಗದ ಹೆಸರೊಂದನ್ನು ಮಾತ್ರ ಮನೆಗೆ ಒಯ್ದರು.

ಊರಿನವರನ್ನು ಬೈದು ನಾನು ಒಳ್ಳೆಯವಳಾಗುವುದು ಬೇಡ. ನಾಟಕದ ಕೊನೆಗೆ ರೋಗಿ ಕುಡಿದ ಲೋಟದಲ್ಲೇ ಎಲ್ಲರೂ ನೀರು ಕುಡಿಯುವುದಿತ್ತಲ್ಲ, ಆ ಹಿತ್ತಾಳೆ ಲೋಟ ನಮ್ಮ ಮನೆಯದು. ಭಟ್ಕಳದಿಂದ ಕುಮಟಾದವರೆಗೆ ನಲವತ್ತೊಂದು ಊರುಗಳಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಮನೆಯಲ್ಲಿ ಅಣ್ಣನ ಲೋಟ ಹಿತ್ತಲಿನ ಕಿಟಕಿಯ ಮೇಲಿರುತ್ತಿತ್ತು. ಅದನ್ನು ಅಲ್ಲಿಟ್ಟವಳು ಅಮ್ಮನಲ್ಲ, ನಾನು. ಅವನೇ ತೊಳೆದು ತೊಳೆದು ಅಲ್ಲೇ ಇಡುತ್ತಿದ್ದ.

ಮುಂದಿನ ವರ್ಷ ಆಷಾಢದಲ್ಲಿ ಅವನು ಹೋದ. ಹೆಣ ಹೊರಲು ಊರಿನಿಂದ ಬಂದವರು ಇಬ್ಬರು. ಉಳಿದ ಎರಡು ಹೆಗಲು ನಿಮ್ಮದು ಮತ್ತು ನರೇಶನದು. ಚಪ್ಪಲಿ ಬಿಚ್ಚಿ ಆ ಕೆಸರಲ್ಲಿ ನೀವು ಹೊತ್ತುಕೊಂಡು ಹೋದದ್ದನ್ನು ನಾನು ಮರೆತಿಲ್ಲ. ಇದರ ನಂತರವೂ ನಿಮ್ಮ ಮೇಲೆ ಸಿಟ್ಟು ಹೇಗೆ ಉಳಿಯಿತು ಎಂದರೆ ಏನು ಹೇಳಲಿ, ಯಾರ ಮೇಲಾದರೂ ಬೇಕಿತ್ತು. ಮನೆಗೆ ಮರಳುವಾಗ ನೀವು ಕಣ್ಣೊರೆಸುತ್ತ, ಆಟ ಆಡಿದಾಗ ಇವನಿಗೆ ಈ ರೋಗವೆಂದು ನಿನಗಾದರೂ ಗೊತ್ತಿತ್ತೇ ಎಂದು ಕೇಳಿದಿರಿ. ಗೊತ್ತಿರಲಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ, ಸರ್.

ಹೋದ ವಾರ ಇಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ನಮ್ಮ ಸಹಾಯಕಿ ಚೌಡಮ್ಮ ಬಲಗಾಲು ಎಳೆದು ನಡೆಯುತ್ತಾರೆ. ನಾಲ್ಕು ವರ್ಷದ ಅಂಕಿತಾ ಥೇಟ್ ಅವರ ಹಾಗೆಯೇ ನಡೆದು ತೋರಿಸಿದಳು. ಮಕ್ಕಳೆಲ್ಲ ನಕ್ಕರು, ಚೌಡಮ್ಮನೂ ನಕ್ಕರು. ನಾನು ಹೋಗಿ ಆ ಕೂಸಿನ ಕೆನ್ನೆಗೆ ಹೊಡೆದೆ. ಎಂತಕ್ಕೆ ಹೊಡೆದ್ರಿ ಟೀಚರ್, ನಂಗೇ ನಗು ಬಂತಲ್ಲ ಎಂದು ಚೌಡಮ್ಮ ಮಗುವನ್ನು ಎತ್ತಿಕೊಂಡರು. ಅವತ್ತು ರಾಗಿ ಗಂಜಿ ಬಡಿಸುವುದನ್ನು ಅವರಿಗೇ ಬಿಟ್ಟೆ. ಇಂಥವಳನ್ನು ಇಪ್ಪತ್ತು ಮಕ್ಕಳ ಮುಂದೆ ನಿಲ್ಲಿಸಬೇಡಿ.

ನಿಮ್ಮ ಮಂಡಿನೋವು ಹೇಗಿದೆ? ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ನಿಮ್ಮನ್ನು ಆಗಾಗ ನೆನೆಯುತ್ತಾಳೆ.

ನಿಮ್ಮ ವಿದ್ಯಾರ್ಥಿನಿ,
ರೇಖಾ

ತಾ.ಕ. ಲಕೋಟೆಗೆ ಹಾಕಿದ ಪತ್ರವನ್ನು ಮತ್ತೆ ಹೊರಗೆ ತೆಗೆದೆ. ಅಣ್ಣನ ಕಾಯಿಲೆ ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದೆಲ್ಲ ಸುಳ್ಳು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನೀವು ನೋಡಬೇಕು. ಶಿಬಿರಕ್ಕೆ ಹೊರಡುವ ಹದಿನೈದು ದಿನ ಮೊದಲು ಅವನು ಆಸ್ಪತ್ರೆಯ ಚೀಟಿ ತಂದು ನನ್ನ ಕೈಗೆ ಕೊಟ್ಟಿದ್ದ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಅವನು ನಂಬಿರಲಿಲ್ಲ, ಚೀಟಿಯಲ್ಲಿ ಬೇರೆ ಏನಾದರೂ ಬರೆದಿರಬಹುದು ಎಂದು ಆಸೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಓದಿ ಹೇಳಿದೆ. ನಾಟಕ ಯಾವ ರೋಗದ ಮೇಲೆಂದು ನಿಮ್ಮ ಕಾಗದದಲ್ಲಿ ಆಗಲೇ ಬಂದಿತ್ತು, ಸರ್. ಆ ಪಾತ್ರ ನನಗೇ ಬೇಕಿತ್ತು, ನಿಮ್ಮ ಚಪ್ಪಾಳೆ ಬೇಕಿತ್ತು. ಅಮ್ಮಂಗೂ ಹೇಳ್ಬೇಡ, ಯಾರಿಗೂ ಹೇಳ್ಬೇಡ, ಆತಾ ಎಂದು ಅಣ್ಣ ಕೇಳಿದ್ದ. ಆತು ಎಂದಿದ್ದೆ. ಬಾಯಿಬಿಟ್ಟು ನಾನು ಯಾರಿಗೂ ಹೇಳಲಿಲ್ಲ.